ತಿದ್ದುವ ಅಧಿಕಾರದ ಎಲ್ಲೆ: ಎಡನೀರಿನಿಂದ ಮಿನರ್ವ ಮಿಲ್ಲಿನವರೆಗೆ

ಅಮೆರಿಕದ ಸಂವಿಧಾನವು ಜಾರಿಗೆ ಬರಲು 13 ರಾಜ್ಯಗಳ ಪೈಕಿ 9 ರಾಜ್ಯಗಳ ಅನುಸಮರ್ಥನೆ ಬೇಕಾಗಿತ್ತು. ಭಾರತದಲ್ಲಿ ಅಂತಹ ಕ್ರಮವಿರಲಿಲ್ಲ. 1949ರ ನವೆಂಬರ್ 26ರಂದು ಸಂವಿಧಾನ ರಚನಾ ಸಭೆಯೇ ಅದನ್ನು ಅಂಗೀಕರಿಸಿತು. ಸೀಮಿತ ಮತಾಧಿಕಾರದಿಂದ ರೂಪುಗೊಂಡಿದ್ದ ಪ್ರಾಂತೀಯ ಶಾಸನಸಭೆಗಳು ಪ್ರಾಂತಗಳ ಸದಸ್ಯರನ್ನು ಆರಿಸಿದ್ದವು. ಸಂಸ್ಥಾನಗಳ ಸಮ್ಮತಿ ಘೋಷಣೆಗಳ ಮೂಲಕ ದೊರೆಯಿತು. ಮೈಸೂರಿನಲ್ಲಿ ಜಯಚಾಮರಾಜ ಒಡೆಯರು ನವೆಂಬರ್ 25ರಂದು ಅಂತಹ ಘೋಷಣೆ ಹೊರಡಿಸಿದರು. ಆದರೂ ಪ್ರಸ್ತಾವನೆಯು ಪ್ರಜೆಗಳ ಹೆಸರಿನಲ್ಲೇ ಆರಂಭವಾಗುತ್ತದೆ. ಹಾಗಾದರೆ ಮುಂದೆ ಪ್ರಜೆಗಳಿಂದಲೇ ಚುನಾಯಿತವಾದ ಸಂಸತ್ತು ಇದನ್ನು ಎಷ್ಟರಮಟ್ಟಿಗೆ ಬದಲಿಸಬಹುದು?

368ನೆಯ ವಿಧಿಯು ಮಾರ್ಗವನ್ನು ಹೇಳಿತು, ಎಲ್ಲೆಯನ್ನು ಹೇಳಲಿಲ್ಲ. ಪ್ರತಿಯೊಂದು ಸದನದಲ್ಲೂ ಒಟ್ಟು ಸದಸ್ಯಬಲದ ಬಹುಮತ ಹಾಗೂ ಹಾಜರಿದ್ದು ಮತ ನೀಡಿದವರ ಮೂರನೆಯ ಎರಡರಷ್ಟು ಬೆಂಬಲ ಅಗತ್ಯ. ರಾಷ್ಟ್ರಪತಿಗಳ ಚುನಾವಣೆ, ಕೇಂದ್ರ-ರಾಜ್ಯಗಳ ಅಧಿಕಾರ ಹಂಚಿಕೆ ಮೊದಲಾದ ವಿಷಯಗಳಲ್ಲಿ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳ ಅನುಸಮರ್ಥನೆಯೂ ಬೇಕು. ಮೊದಲ ತಿದ್ದುಪಡಿ 1951ರ ಜೂನ್‌ನಲ್ಲಿ, ಪ್ರಥಮ ಮಹಾಚುನಾವಣೆಗೂ ಮುನ್ನವೇ ಆಯಿತು. ಸಂವಿಧಾನ ರಚನಾ ಸಭೆಯೇ ತಾತ್ಕಾಲಿಕ ಸಂಸತ್ತಾಗಿ ಅದನ್ನು ಮಾಡಿತೆಂಬುದು ಗಮನಾರ್ಹ.

ಸರ್ವೋಚ್ಚ ನ್ಯಾಯಾಲಯವು 1951ರ ಶಂಕರಿ ಪ್ರಸಾದ್ ಪ್ರಕರಣದಲ್ಲಿ ಸಂಸತ್ತಿನ ಈ ಅಧಿಕಾರವನ್ನು ಎತ್ತಿಹಿಡಿಯಿತು. 1967ರ ಗೋಲಕನಾಥ್ ಪ್ರಕರಣದಲ್ಲಿ ಮಾತ್ರ, ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸಲಾಗದೆಂದು 6-5ರ ಬಹುಮತದಿಂದ ಹೇಳಿತು. ಸಂಸತ್ತು 1971ರಲ್ಲಿ 24ನೆಯ ತಿದ್ದುಪಡಿಯಿಂದ ಉತ್ತರಿಸಿತು.

ಈ ಸಂಘರ್ಷಕ್ಕೆ ನಿರ್ಣಾಯಕ ತಿರುವು ಬಂದದ್ದು ಕನ್ನಡ ನೆಲೆಯೊಂದರಿಂದ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿ 1970ರಲ್ಲಿ ಅರ್ಜಿ ಸಲ್ಲಿಸಿದ್ದರು. ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಆಲಿಸಿ, 1973ರ ಏಪ್ರಿಲ್ 24ರಂದು 7-6ರ ಬಹುಮತದ ತೀರ್ಪು ನೀಡಿತು: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ. ಕೇರಳದ ಆ ಶಾಸನಗಳಿಗೆ ರಕ್ಷಣೆ ನೀಡಿದ್ದ 29ನೆಯ ತಿದ್ದುಪಡಿ ಊರ್ಜಿತವಾಯಿತು. ಮಠವು ಬಯಸಿದ್ದು ಸಿಗಲಿಲ್ಲ. ದೇಶಕ್ಕೆ ಒಂದು ತತ್ತ್ವ ಸಿಕ್ಕಿತು.

ಅದಕ್ಕೆ ಬೆಲೆ ತೆತ್ತವರಲ್ಲಿ ಕರಾವಳಿಯ ಕೆ. ಎಸ್. ಹೆಗ್ಡೆ ಒಬ್ಬರು. ಬಹುಮತದ ಪರವಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರ ಹಿರಿತನವನ್ನೂ ಬದಿಗಿಟ್ಟು ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ಇತ್ತರು. ಹೆಗ್ಡೆ ಮುಂದೆ ಲೋಕಸಭೆಯ ಸಭಾಧ್ಯಕ್ಷರಾದರು.

ತುರ್ತುಪರಿಸ್ಥಿತಿಯ ಕಾಲದ 42ನೆಯ ತಿದ್ದುಪಡಿಯು ತಿದ್ದುವ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ, ಅದನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ ಎಂದು ಸಾರಿತು. 1980ರಲ್ಲಿ ಈ ಭಾಗವನ್ನು ರದ್ದುಪಡಿಸಿದ ಪ್ರಕರಣವೂ ಕನ್ನಡನಾಡಿನದೇ, ಬೆಂಗಳೂರಿನ ಮಿನರ್ವ ಮಿಲ್ಲಿನದು. ಸೀಮಿತ ಅಧಿಕಾರ ಪಡೆದವರು ಅದೇ ಅಧಿಕಾರದ ಬಲದಿಂದ ತಮ್ಮನ್ನು ಅಸೀಮರನ್ನಾಗಿಸಿಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು.

ಮೂಲ ಸಂರಚನೆ ಎಂಬ ಪದ ಸಂವಿಧಾನದಲ್ಲಿಲ್ಲ. ಚುನಾಯಿತರಲ್ಲದ ನ್ಯಾಯಾಧೀಶರು ಅದನ್ನು ನಿರ್ಧರಿಸುವುದೇಕೆ ಎಂಬ ಆಕ್ಷೇಪ ಇಂದಿಗೂ ಸಬಲವಾಗಿದೆ. ಆದರೆ ಒಂದು ಸಂಸತ್ತು ಇಂದಿನ ಬಹುಮತವನ್ನು ಮಾತ್ರ ಪ್ರತಿನಿಧಿಸುತ್ತದೆ. ಪ್ರಸ್ತಾವನೆಯ ಪ್ರಜೆಗಳಲ್ಲಿ ಇನ್ನೂ ಮತ ಹಾಕದವರೂ ಸೇರಿದ್ದಾರೆ.