ಸ್ಪ್ಯಾಮ್‌ಗೆ ಬಿದ್ದ ಮೇಲ್ ಎಲ್ಲವೂ ಮೋಸವೇ? ಇನ್‌ಬಾಕ್ಸ್‌ಗೆ ಬಂದದ್ದೆಲ್ಲ ಅಸಲಿಯೇ?

‘ಸ್ಪ್ಯಾಮ್ ಫೋಲ್ಡರ್ ಕಡೆ ನೋಡಲೇಬೇಡಿ, ಅಲ್ಲಿರುವುದೆಲ್ಲ ಮೋಸ. ಇನ್‌ಬಾಕ್ಸ್‌ಗೆ ಬಂದರೆ ಸೇಫ್.’ ಈ ಸಲಹೆಯನ್ನು ನಾವೆಲ್ಲ ಕೇಳಿದ್ದೇವೆ. ಎರಡು ಮಾತೂ ಪೂರ್ತಿ ನಿಜವಲ್ಲ. ಮೆಟ್ರಿಯ ಹುಡುಗಿಯೊಬ್ಬಳು ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ ಎಂದುಕೊಳ್ಳಿ. ಸಂದರ್ಶನದ ಪತ್ರ ಸ್ಪ್ಯಾಮ್‌ಗೆ ಬಿದ್ದರೆ ಜಿಮೇಲ್ ಅದನ್ನು 30 ದಿನಗಳ ನಂತರ ತಾನಾಗಿಯೇ ಅಳಿಸುತ್ತದೆ. ಪತ್ರ ಬಂದಿತ್ತು ಎಂಬುದೇ ಆಕೆಗೆ ತಿಳಿಯುವುದಿಲ್ಲ.

ಹೀಗೇಕೆ ಆಗುತ್ತದೆ? ಫಿಲ್ಟರ್‌ಗೆ ಸತ್ಯ, ಸುಳ್ಳು ಗೊತ್ತಿಲ್ಲ. ಅದು ಅಂಕ ಹಾಕುತ್ತದೆ, ಅಷ್ಟೆ. ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡ ಅನೇಕರು ಬಳಸುವ ‘ಸ್ಪ್ಯಾಮ್‌ಅಸಾಸಿನ್’ ಎಂಬ ಉಚಿತ ತಂತ್ರಾಂಶವನ್ನೇ ನೋಡಿ. ಅನುಮಾನ ಬರುವ ಒಂದೊಂದು ಲಕ್ಷಣಕ್ಕೂ ಇಷ್ಟಿಷ್ಟು ಅಂಕ. ಒಟ್ಟು 5 ಮುಟ್ಟಿದರೆ ಸ್ಪ್ಯಾಮ್ ಎಂಬ ಮುದ್ರೆ. ಈ 5 ಎಂಬುದನ್ನು ಸರ್ವರ್ ನೋಡಿಕೊಳ್ಳುವವರು ಬದಲಿಸಬಹುದು. ಕಾಟ ಹೆಚ್ಚಾಯಿತೆಂದು 3ಕ್ಕೆ ಇಳಿಸಿದರೆ ಒಳ್ಳೆಯ ಪತ್ರಗಳೂ ಸಿಕ್ಕಿಬೀಳುತ್ತವೆ. ಅದಕ್ಕಿಂತ ಕೆಟ್ಟದ್ದು, ಸ್ಪ್ಯಾಮ್ ಎನಿಸಿದ್ದನ್ನು ಸರ್ವರ್‌ನಲ್ಲೇ ಸದ್ದಿಲ್ಲದೆ ಅಳಿಸುವ ಸೆಟ್ಟಿಂಗ್. ಬೇರೆ ಫೋಲ್ಡರ್‌ಗೆ ಹಾಕಿದರೆ ಹುಡುಕಲಾದರೂ ಆಗುತ್ತದೆ.

ಫಿಲ್ಟರ್‌ಗೆ ಪಾಠವನ್ನೂ ಹೇಳಿಕೊಡಬಹುದು. ಸ್ಪ್ಯಾಮ್‌ಅಸಾಸಿನ್‌ನ ಕಲಿಯುವ ಭಾಗ ಕನಿಷ್ಠ 200 ಸ್ಪ್ಯಾಮ್ ಮತ್ತು 200 ಒಳ್ಳೆಯ ಮೇಲ್ ನೋಡುವವರೆಗೆ ಕೆಲಸವನ್ನೇ ಶುರು ಮಾಡುವುದಿಲ್ಲ. ಕಚೇರಿಗೆ ಕನ್ನಡದ ಪತ್ರ ಬರುತ್ತಿದ್ದರೆ ಆ 200ರಲ್ಲಿ ಕನ್ನಡದವೂ ಇರಬೇಕು. ಇಂಗ್ಲಿಷ್ ಮೇಲ್ ಮಾತ್ರ ತೋರಿಸಿದರೆ ಅದಕ್ಕೆ ಕನ್ನಡ ಪದಗಳ ಪರಿಚಯವೇ ಆಗುವುದಿಲ್ಲ.

ತಪ್ಪು ಕಳಿಸುವವರ ಕಡೆಯೂ ಇರಬಹುದು. ಹಂಪಿಯ ಹೋಂಸ್ಟೇ ಒಂದು ಸ್ವಂತ ಡೊಮೈನ್ ಹೆಸರಿನಿಂದ ಬುಕಿಂಗ್ ಮೇಲ್ ಕಳಿಸುತ್ತದೆ ಎನ್ನೋಣ. ಅತಿಥಿಯ ಸರ್ವರ್ ಮೂರು ವಿಷಯ ಪರೀಕ್ಷಿಸುತ್ತದೆ. ಈ ಡೊಮೈನ್ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ ಎಸ್‌ಪಿಎಫ್. ದಾರಿಯಲ್ಲಿ ಪತ್ರ ತಿದ್ದಿಲ್ಲ ಎಂಬುದಕ್ಕೆ ಡಿಜಿಟಲ್ ಸಹಿ ಡಿಕಿಮ್. ಇವು ತಾಳೆಯಾಗದಿದ್ದರೆ ಏನು ಮಾಡಬೇಕೆಂದು ಡೊಮೈನ್ ಮಾಲೀಕರೇ ಹೇಳಿಡುವ ಸೂಚನೆ ಡಿಮಾರ್ಕ್. ಸಾಮಾನ್ಯ ಎಡವಟ್ಟು ಒಂದಿದೆ: ವೆಬ್‌ಸೈಟ್ ಮಾಡಿಕೊಟ್ಟವರು ಒಂದು ಎಸ್‌ಪಿಎಫ್ ದಾಖಲೆ ಹಾಕಿರುತ್ತಾರೆ, ಮೇಲ್ ಸೇವೆಯವರು ಇನ್ನೊಂದು. ಒಂದು ಡೊಮೈನ್‌ಗೆ ಒಂದೇ ಇರಬೇಕು. ಎರಡಿದ್ದರೆ ಎರಡೂ ಕೆಲಸಕ್ಕೆ ಬಾರವು. ಎರಡರ ವಿವರವನ್ನೂ ಒಂದೇ ಸಾಲಿಗೆ ಸೇರಿಸಿದರೆ ಸರಿಹೋಗುತ್ತದೆ. ಡಿಮಾರ್ಕ್‌ನಲ್ಲಿ ಮೊದಲು ‘ನನ್’ ಎಂದಿಟ್ಟು ವರದಿ ನೋಡಿ, ಆಮೇಲೆ ‘ಕ್ವಾರಂಟೈನ್’, ‘ರಿಜೆಕ್ಟ್’ ಕಡೆಗೆ ಹೋಗುವುದು ಒಳ್ಳೆಯದು. ಮೊದಲ ದಿನವೇ ರಿಜೆಕ್ಟ್ ಎಂದರೆ ನಿಮ್ಮದೇ ಬಿಲ್ಲುಗಳು ವಾಪಸ್ ಬಂದಾವು. 2024ರ ಫೆಬ್ರವರಿಯಿಂದ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ ಈ ಮೂರನ್ನೂ ಕಡ್ಡಾಯ ಮಾಡಿದೆ.

ಹಾಗಾದರೆ ಮೂರೂ ಪಾಸಾಗಿ ಇನ್‌ಬಾಕ್ಸ್‌ಗೆ ಬಂದ ಮೇಲ್ ನಂಬಬಹುದೇ? ಇಲ್ಲ. ಈ ಪರೀಕ್ಷೆಗಳು ಹೇಳುವುದು ಮೇಲ್ ಆ ಡೊಮೈನ್‌ನಿಂದಲೇ ಬಂದಿದೆ ಎಂದಷ್ಟೇ. ಡೊಮೈನ್ ಯಾರದು ಎಂದಲ್ಲ. ಬ್ಯಾಂಕಿನ ಹೆಸರಿಗೆ ಒಂದಕ್ಷರ ಸೇರಿಸಿದ ಡೊಮೈನ್ ಕೊಂಡು ಮೂರೂ ದಾಖಲೆಯನ್ನು ಅಚ್ಚುಕಟ್ಟಾಗಿ ಹಾಕಲು ಕಳ್ಳರಿಗೆ ಯಾವ ಅಡ್ಡಿಯೂ ಇಲ್ಲ. ಆದ್ದರಿಂದ ಕಳಿಸಿದವರ ಹೆಸರಷ್ಟೇ ನೋಡಬೇಡಿ, ಅದನ್ನು ಒತ್ತಿ ‘@’ ಗುರುತಿನ ನಂತರದ ವಿಳಾಸವನ್ನು ಪೂರ್ತಿ ಓದಿ.

ಇನ್ನು ಸ್ಪ್ಯಾಮ್ ಫೋಲ್ಡರ್. ವಾರಕ್ಕೊಮ್ಮೆ ಇಣುಕಿ ನೋಡಿದರೆ ಫೋನ್ ಹಾಳಾಗುವುದಿಲ್ಲ. ಅಪಾಯ ಇರುವುದು ಲಿಂಕ್ ಒತ್ತುವುದರಲ್ಲಿ, ಜೊತೆಗೆ ಬಂದ ಫೈಲ್ ಅಥವಾ ಎಪಿಕೆ ಇನ್‌ಸ್ಟಾಲ್ ಮಾಡುವುದರಲ್ಲಿ. ಗುರುತಿನ ಪತ್ರ ಕಂಡರೆ ‘ನಾಟ್ ಸ್ಪ್ಯಾಮ್’ ಒತ್ತಿ, ಫಿಲ್ಟರ್ ಅದನ್ನೂ ಗಮನಿಸುತ್ತದೆ. ಬೇಡವಾದ ಜಾಹೀರಾತು ನೀವೇ ಕೇಳಿ ಪಡೆದಿದ್ದಾಗಿದ್ದರೆ ಅನ್‌ಸಬ್‌ಸ್ಕ್ರೈಬ್ ಮಾಡಿ. ಗೊತ್ತಿಲ್ಲದವರದಾದರೆ ಅದನ್ನೂ ಒತ್ತಬೇಡಿ, ವಿಳಾಸ ಚಾಲ್ತಿಯಲ್ಲಿದೆ ಎಂದು ಅವರಿಗೆ ತಿಳಿಯುತ್ತದೆ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.