ಓಡುವ ಕಾರ್ಯಕ್ರಮಕ್ಕೊಂದು ಪ್ರಶ್ನೆ

1999ರ ಮೇ 18. ಅಮೆರಿಕದ ನಾಸಾ ಸಂಸ್ಥೆಯ ‘ಡೀಪ್ ಸ್ಪೇಸ್ 1’ ನೌಕೆ ಭೂಮಿಯಿಂದ ಕೋಟ್ಯಂತರ ಕಿಲೋಮೀಟರ್ ದೂರದಲ್ಲಿತ್ತು. ಪ್ರಯೋಗಾರ್ಥವಾಗಿ ಅದನ್ನು ನಡೆಸುತ್ತಿದ್ದುದು ‘ರಿಮೋಟ್ ಏಜೆಂಟ್’ ಎಂಬ ತಂತ್ರಾಂಶ. ನಿಗದಿತ ಹೊತ್ತಿಗೆ ಅದು ಎಂಜಿನನ್ನು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ರಿಪೇರಿಗೆಂದು ಅಲ್ಲಿಗೆ ಯಾರೂ ಹೋಗುವಂತಿರಲಿಲ್ಲ. ಓಡುತ್ತಿರುವ ಕಾರ್ಯಕ್ರಮದ ಒಳಗನ್ನು ಇಲ್ಲಿಂದಲೇ ನೋಡುವುದು ಹೇಗೆ?

ವಿದ್ಯಾರ್ಥಿ ಮಿತ್ರರೇ, ಈ ಪ್ರಶ್ನೆ ಕಂಪ್ಯೂಟರಿನಷ್ಟೇ ಹಳೆಯದು. 1950ರ ದಶಕದಲ್ಲಿ ಕಾರ್ಯಕ್ರಮ ಕೆಟ್ಟು ನಿಂತರೆ ಯಂತ್ರದ ಸ್ಮೃತಿಕೋಶದಲ್ಲಿದ್ದ ಅಂಕಿಗಳನ್ನೆಲ್ಲ ಕಾಗದದ ಮೇಲೆ ಮುದ್ರಿಸಿ, ಮೇಜಿನ ಮುಂದೆ ಕುಳಿತು ಓದಬೇಕಿತ್ತು. ಸತ್ತವನ ದೇಹ ಪರೀಕ್ಷಿಸಿ ಕಾಯಿಲೆ ಊಹಿಸಿದಂತೆ!

ರೋಗಿ ಬದುಕಿರುವಾಗಲೇ ಮಾತನಾಡಿಸುವ ದಾರಿಯನ್ನು ತೆರೆದವರಲ್ಲಿ ಮೆಸಾಚುಸೆಟ್ಸ್‌ನ ಎಂಐಟಿಯವರು ಮುಖ್ಯರು. ಅಲ್ಲಿನ ಟಿಎಕ್ಸ್-0 ಕಂಪ್ಯೂಟರಿಗೆ ‘ಫ್ಲಿಟ್’ ಎಂಬ ಸಾಧನ ಸಿದ್ಧವಾಯಿತು. ನಮ್ಮ ಹಿರಿಯರು ಫ್ಲಿಟ್ ಪಂಪಿನಿಂದ ಸೊಳ್ಳೆಗೆ ಹೊಡೆಯುತ್ತಿದ್ದರಲ್ಲ, ಅದೇ ಹೆಸರು! ಇಂಗ್ಲಿಷಿನಲ್ಲಿ ದೋಷಕ್ಕೂ ಹುಳುವಿಗೂ ‘ಬಗ್’ ಎಂದೇ ಹೆಸರಿರುವುದು ಈ ವಿನೋದಕ್ಕೆ ಕಾರಣ. 1961ರಲ್ಲಿ ಪಿಡಿಪಿ-1 ಯಂತ್ರಕ್ಕೆ ಬಂದ ಸಾಧನದ ಹೆಸರೂ ‘ಡಿಡಿಟಿ’. ಬೇಕಾದ ಹಂತದಲ್ಲಿ ಕಾರ್ಯಕ್ರಮವನ್ನು ತಡೆದು ನಿಲ್ಲಿಸಿ, ಒಂದು ಹೆಸರನ್ನೋ ಕೂಡಿಸುವ ಲೆಕ್ಕವನ್ನೋ ಟೈಪ್ ಮಾಡಿದರೆ ಅದರ ಬೆಲೆಯನ್ನು ಯಂತ್ರವೇ ಉತ್ತರವಾಗಿ ಮುದ್ರಿಸುತ್ತಿತ್ತು.

ಇದೇ ಎಂಐಟಿಯಲ್ಲಿ 1958ರಲ್ಲಿ ಜಾನ್ ಮೆಕಾರ್ಥಿ ‘ಲಿಸ್ಪ್’ ಭಾಷೆಯನ್ನು ರೂಪಿಸತೊಡಗಿದರು. ಯಾವುದೇ ಉಕ್ತಿಯನ್ನು ಕೊಟ್ಟರೆ ಅದರ ಬೆಲೆ ಕಂಡುಹಿಡಿಯುವ ‘ಇವಾಲ್’ ಎಂಬ ವಿಧಾನವನ್ನು ಅವರು ಕಾಗದದ ಮೇಲೆ ಬರೆದಿದ್ದರು. ಅದು ಕೇವಲ ಸಿದ್ಧಾಂತವೆಂದೇ ಅವರು ಭಾವಿಸಿದ್ದಾಗ, ಸ್ಟೀವ್ ರಸೆಲ್ ಅದನ್ನು ಐಬಿಎಂ 704 ಯಂತ್ರದಲ್ಲಿ ನಡೆಸಿಯೇ ತೋರಿಸಿದರು. ಮುಂದೆ ಓದು, ಬೆಲೆ ಕಟ್ಟು, ಮುದ್ರಿಸು, ಮತ್ತೆ ಓದು ಎಂಬ ಸಂವಾದವೇ ಲಿಸ್ಪ್‌ನ ಗುರುತಾಯಿತು.

ರಿಮೋಟ್ ಏಜೆಂಟನ್ನು ಬರೆದಿದ್ದುದೂ ಲಿಸ್ಪ್‌ನಲ್ಲಿಯೇ. ಆ ಸಂವಾದದ ಸೌಲಭ್ಯವೂ ನೌಕೆಯೊಂದಿಗೆ ಹಾರಿತ್ತು. ದೋಷ ಹುಡುಕುವಲ್ಲಿ ಅದು ಬಹಳ ನೆರವಾಯಿತೆಂದು ತಂಡದಲ್ಲಿದ್ದ ರಾನ್ ಗ್ಯಾರೆಟ್ ಮುಂದೆ ಬರೆದರು. ಸಿಕ್ಕ ದೋಷವೇನು? ಕಿರಿದಾದ ಬಾಗಿಲಲ್ಲಿ ಇಬ್ಬರು “ನೀವು ಮೊದಲು ಹೋಗಿ” ಎನ್ನುತ್ತ ನಿಂತುಬಿಟ್ಟಂತೆ, ತಂತ್ರಾಂಶದ ಎರಡು ಭಾಗಗಳು ಒಂದನ್ನೊಂದು ಕಾಯುತ್ತ ನಿಂತಿದ್ದವು. ಭೂಮಿಯ ಮೇಲಿನ ಪರೀಕ್ಷೆಗಳಲ್ಲಿ ಅದು ತಲೆದೋರಿರಲಿಲ್ಲ. ಮೇ 21ರಂದು ಪ್ರಯೋಗ ಮುಂದುವರಿದು ತನ್ನ ಗುರಿಗಳನ್ನು ಮುಟ್ಟಿತು.

ಇಂದು ಶಾಲೆಯ ಕಂಪ್ಯೂಟರಿನಲ್ಲಿ ಪೈಥಾನ್ ತೆರೆದು 2+3 ಎಂದು ಬರೆದೊಡನೆ 5 ಎಂಬ ಉತ್ತರ ಬರುತ್ತದೆ. ಆ ಸಣ್ಣ ಉತ್ತರದ ಹಿಂದೆ ಇಷ್ಟು ದೀರ್ಘ ಇತಿಹಾಸವಿದೆ. ಯಂತ್ರ ತಪ್ಪಿದಾಗ ಊಹಿಸಿ ತಿದ್ದಬೇಡಿ; ಮೊದಲು ಅದನ್ನೇ ಕೇಳಿ.