ರಾಗಿ–ಅಕ್ಕಿಯ ವಾದವೂ ಹೋಲಿಕೆಯ ಹಾಸ್ಯವೂ

ಎರಡು ವಸ್ತುಗಳನ್ನು ಎದುರುಬದುರಾಗಿ ನಿಲ್ಲಿಸಿ, ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿ ನಗಿಸುವ ಕ್ರಮವು ಇಂದಿನ ಅಂತರಜಾಲದ ಮೀಮ್‌ಗಳಲ್ಲಿ ಬಹು ಜನಪ್ರಿಯವಾಗಿದೆ. ೨೦೨೦ರಲ್ಲಿ ಪ್ರಚಾರಕ್ಕೆ ಬಂದ ಎರಡು ನಾಯಿಗಳ ಚಿತ್ರವು ವಿದ್ಯಾರ್ಥಿಗಳಿಗೆ ಚಿರಪರಿಚಿತ. ಒಂದು ಕಡೆ ಪೈಲ್ವಾನನ ಮೈಕಟ್ಟಿನ ನಾಯಿ, ಇನ್ನೊಂದು ಕಡೆ ಮುದುಡಿ ಕುಳಿತ ನಾಯಿ. ಅದು ಹಿಂದಿನ ಕಾಲ, ಇದು ಇಂದಿನ ಕಾಲ. ಮೊದಲನೆಯದರ ಮುಖವು ಜಪಾನಿನ ಕಬೋಸು ಎಂಬ ಸಾಕುನಾಯಿಯದು, ೨೦೧೦ರಲ್ಲಿ ತೆಗೆದ ಛಾಯಾಚಿತ್ರದಿಂದ ಬಂದದ್ದು. ಎರಡನೆಯದು ಹಾಂಗ್‌ಕಾಂಗಿನ ಬೇರೊಂದು ಸಾಕುನಾಯಿ. ಅಜ್ಜ ಹೊರೆ ಹೊತ್ತು ಘಟ್ಟ ಹತ್ತಿ ಕಳಸ ಸೇರಿದನೆಂದು ಒಂದರ ಕೆಳಗೂ, ಮೊಮ್ಮಗ ಜಿಗಣೆ ಕಚ್ಚಿತೆಂದು ರಜೆ ಹಾಕಿದನೆಂದು ಇನ್ನೊಂದರ ಕೆಳಗೂ ಬರೆದರೆ ನಮ್ಮ ಸೀಮೆಯ ಮೀಮ್ ಸಿದ್ಧವಾಗುತ್ತದೆ.

ಈ ಕ್ರಮವು ಹೊಸದಲ್ಲ. ಆಲಂಕಾರಿಕರು ಹೇಳುವ ವ್ಯತಿರೇಕವು ಇದಕ್ಕೆ ಸಮೀಪದ್ದು. ಆದರೆ ವ್ಯತಿರೇಕ ಮಾತ್ರದಿಂದ ನಗೆ ಹುಟ್ಟದು. ಕೀಳೆಂದು ನಂಬಿದ್ದು ಮೇಲಾದಾಗ ನಗೆ ಹುಟ್ಟುತ್ತದೆ. ಕನ್ನಡದಲ್ಲಿ ಇದರ ಉತ್ತಮ ನಿದರ್ಶನವು ಹದಿನಾರನೆಯ ಶತಮಾನದ ಕನಕದಾಸರ ‘ರಾಮಧಾನ್ಯಚರಿತ್ರೆ’. ಒಂದರಿಂದ ಇನ್ನೊಂದು ಬಂದಿತೆಂದು ನಾನು ಹೇಳುತ್ತಿಲ್ಲ. ಎರಡರ ಕಟ್ಟು ಒಂದೇ ಬಗೆಯದು, ಅಷ್ಟೆ.

ಲಂಕೆಯಿಂದ ಮರಳುವ ರಾಮನ ಮುಂದೆ ಧಾನ್ಯಗಳಲ್ಲಿ ಶ್ರೇಷ್ಠವಾವುದೆಂಬ ಪ್ರಶ್ನೆ ಏಳುತ್ತದೆ. ಗೌತಮನು ನರೆದಲೆಗನನ್ನು, ಎಂದರೆ ರಾಗಿಯನ್ನು, ಹೊಗಳುತ್ತಾನೆ. ವ್ರೀಹಿ ಕೆರಳಿ ತನ್ನ ಕುಲವನ್ನೂ ಪೂಜೆಯಲ್ಲಿ ತನಗಿರುವ ಸ್ಥಾನವನ್ನೂ ಮುಂದಿಡುತ್ತದೆ. ಅಕ್ಕಿ ಬಡವರನ್ನು ಲೆಕ್ಕಿಸದು, ಹೆಣದ ಬಾಯಿಗೂ ಬೀಳುವಂಥದು ಎಂದು ರಾಗಿ ಮರುನುಡಿಯುತ್ತದೆ. ಬೈಗುಳದ ಈ ಭಾಗವೇ ಕಾವ್ಯದ ಜೀವ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅಕ್ಕಿ ಸತ್ತ್ವಗೆಡುತ್ತದೆ, ರಾಗಿ ಕೆಡದೆ ಉಳಿಯುತ್ತದೆ. ಗೆದ್ದ ಧಾನ್ಯಕ್ಕೆ ರಾಘವನ ಹೆಸರು. (ಈ ವ್ಯುತ್ಪತ್ತಿಯನ್ನು ಭಾಷಾಶಾಸ್ತ್ರಜ್ಞರು ಒಪ್ಪಬೇಕಾಗಿಲ್ಲ, ಅದು ಕವಿಯ ವಿನೋದ.) ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುವುದನ್ನು ಬಲ್ಲ ರೈತನಿಗೆ ತೀರ್ಪು ಮೊದಲೇ ತಿಳಿದಿರುತ್ತದೆ; ಆದುದರಿಂದಲೇ ಅವನ ನಗೆ ಗಟ್ಟಿಯಾದುದು.

ಚಿಕ್ಕಮಗಳೂರು ಜಿಲ್ಲೆಯ ಓದುಗನಿಗೆ ಇದು ಬರಿಯ ಪುಸ್ತಕದ ಮಾತಲ್ಲ. ಕಡೂರಿನ ಬಯಲು ರಾಗಿಯದು, ಮೂಡಿಗೆರೆ–ಕಳಸದ ಕಣಿವೆಗಳು ಭತ್ತದವು. ಕನಕದಾಸರ ನಗೆ ಮೇಲಿನವನ ಕಡೆಗೆ ತಿರುಗಿದೆ, ಅದೂ ಪರೀಕ್ಷೆಯ ನಂತರ. ನಾಯಿಗಳ ಚಿತ್ರದಲ್ಲಿ ಪರೀಕ್ಷೆಯೇ ಇಲ್ಲ. ತೀರ್ಪನ್ನು ಮೊದಲೇ ಬರೆದಿಡಲಾಗಿದೆ. ಚಿತ್ರ ಮಾಡಿದವನು ತನ್ನನ್ನೇ ಮುದುಡಿದ ನಾಯಿಯಾಗಿ ಕಂಡು ನಗುವುದು ಅದರ ಸೌಜನ್ಯ. ಆದರೆ ಹಿಂದಿನವರ ಹಸಿವು, ಮಲೇರಿಯಾಗಳು ಪೈಲ್ವಾನನ ಮೈಯಲ್ಲಿ ಮರೆಯಾಗುವುದು ಅದರ ದೋಷ. ಇತಿಹಾಸದ ವಿದ್ಯಾರ್ಥಿ ಇದನ್ನು ಸುಮ್ಮನೆ ಬಿಡಲಾಗದು.

ಇದೇ ಗುಡ್ಡಗಳಲ್ಲಿ ಇನ್ನೊಂದು ಜೋಡಿಯುಂಟು. ಅರಾಬಿಕಾ ಕಾಫಿ ಸುವಾಸನೆಯದು, ಎತ್ತರದ್ದು, ಎಲೆತುಕ್ಕಿಗೂ ಕಾಂಡಕೊರಕಕ್ಕೂ ಬೇಗ ಬಲಿಯಾಗುವಂಥದು. ರೊಬಸ್ಟಾ ಕಹಿಯೆಂದು ಕೀಳುಗಳೆಯಲ್ಪಟ್ಟದ್ದು, ಗಟ್ಟಿ ಬಾಳಿಕೆಯದು. ೨೦೨೪ರಲ್ಲಿ ರೊಬಸ್ಟಾದ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೇರಿದಾಗ ಈ ಜೋಡಿಯಲ್ಲೂ ನರೆದಲೆಗನೇ ಗೆದ್ದನೆಂದು ಹೇಳಬಹುದಿತ್ತು. ಆದರೆ ಮೂಡಿಗೆರೆಯ ಅನೇಕ ಬೆಳೆಗಾರರು ಎರಡನ್ನೂ ಬೆಳೆಯುತ್ತಲೇ ಇದ್ದಾರೆ.